ಕಿವಿಮೇಸ್ತ್ರಿಯೂ ಗಡಗಡ ರೈಲೂ

ಕೆರೆಯ ಪಕ್ಕದ ಬಯಲಿನಲ್ಲಿ ಆಟದ ಪಾರ್ಕು ಎದ್ದಾಗ ಅವನಿಗೆ ಇಪ್ಪತ್ತೆರಡು. ಮರದ ಮಿಲ್ಲಿನಲ್ಲಿ ಹಲಗೆ ಹೊರುತ್ತಿದ್ದ. ಮಿಲ್ಲಿನ ಯಜಮಾನರು ಯಾವುದೋ ದೊಡ್ಡ ಪಟ್ಟಣಕ್ಕೆ ಹೋದವರು ಅಲ್ಲಿ ರೋಲರ್ ಕೋಸ್ಟರ್ ಹತ್ತಿ ಬಂದಿದ್ದರು. ಬಂದವರೇ, ಮಾರಲು ಇಟ್ಟಿದ್ದ ಮರವನ್ನೆಲ್ಲ ಅಂಥದ್ದೇ ಒಂದನ್ನು ಕಟ್ಟಲು ಸುರಿದರು. ಊರವರು ತಲೆ ಕೆಟ್ಟಿದೆ ಎಂದರು. ಎರಡು ವರ್ಷ ಸುತ್ತಿಗೆ ಸದ್ದು ನಿಲ್ಲಲಿಲ್ಲ. ಮೊದಲ ದಿನ ಬೋಗಿಗಳಲ್ಲಿ ಮರಳು ಮೂಟೆ ಕೂರಿಸಿ ಬಿಟ್ಟರು. ಎರಡನೇ ಸುತ್ತಿನಲ್ಲಿ ಯಜಮಾನರೇ ಹತ್ತಿದರು. ಇಳಿದಾಗ ಅವರ ಬಾಯಲ್ಲಿ ಹಲ್ಲಿನ ಸೆಟ್ಟು ಇರಲಿಲ್ಲ. ಹುಲ್ಲಿನಲ್ಲಿ ತಡಕಾಡಿ ಅದನ್ನು ಹುಡುಕಿ ಕೊಟ್ಟವನು ಇವನೇ.

"ಗಡಗಡ ನಡುಗಿಸಿಬಿಡ್ತಲ್ಲೋ!" ಎಂದು ಯಜಮಾನರು ಬೊಚ್ಚು ಬಾಯಿ ಬಿಟ್ಟು ನಕ್ಕರು. ಅವತ್ತಿನಿಂದ ಅದು ಗಡಗಡ ರೈಲು.

ಅವನಿಗೆ ಹಳಿ ನೋಡುವ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಗೇಟು ತೆಗೆಯುವ ಮೊದಲು ಹಳಿಯುದ್ದಕ್ಕೂ ನಡೆಯಬೇಕು. ಹಲಗೆಯ ಮೇಲೆ ಕಬ್ಬಿಣದ ಪಟ್ಟಿ, ಪಟ್ಟಿಯನ್ನು ಹಿಡಿದ ಬೋಲ್ಟುಗಳು. ಒಂದೊಂದಕ್ಕೂ ಸಣ್ಣ ಸುತ್ತಿಗೆಯಿಂದ ಒಂದು ಏಟು. ಬಿಗಿಯಾಗಿದ್ದರೆ ಟಣ್ ಎನ್ನುತ್ತದೆ, ಸಡಿಲಾಗಿದ್ದರೆ ಠಪ್. ಒಂದು ಬೆಳಿಗ್ಗೆ ಅವನು ಹೋಗಿ, "ಯಜಮಾನ್ರೇ, ಮೂರನೇ ತಿರುವಲ್ಲಿ ಒಂದು ಬೋಲ್ಟು ಸುಳ್ಳು ಹೇಳ್ತಿದೆ" ಎಂದ. ಬಡಗಿಗಳು ನಕ್ಕರು. ಬಿಚ್ಚಿ ನೋಡಿದರೆ ಬೋಲ್ಟು ಬಿಗಿಯಾಗಿಯೇ ಇತ್ತು, ಆದರೆ ಒಳಗಿನ ಮರ ಸೀಳಿತ್ತು. ಅಂದಿನಿಂದ ಅವನನ್ನು ಎಲ್ಲರೂ ಕಿವಿಮೇಸ್ತ್ರಿ ಎಂದೇ ಕರೆದರು. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ಒಳ್ಳೆಯ ಕಾಲ ಬಂತು. ರಜಾ ದಿನಗಳಲ್ಲಿ ಸಾಲು ಬಸ್ ನಿಲ್ದಾಣದವರೆಗೆ ಬೆಳೆಯುತ್ತಿತ್ತು. ಆಮೇಲೆ ನೀರಿನ ಜಾರುಬಂಡೆ ಬಂತು, ಕಬ್ಬಿಣದ ಇನ್ನೊಂದು ಕೋಸ್ಟರ್ ಬಂತು. ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದವಳನ್ನು ಅವನು ಮದುವೆಯಾದ. ಅವಳು ಒಂದೇ ಒಂದು ಸಲ ಗಡಗಡ ರೈಲು ಹತ್ತಿ, ಇಳಿದವಳೇ ಅವನ ಕಾಲ ಮೇಲೆ ವಾಂತಿ ಮಾಡಿಕೊಂಡಿದ್ದಳು. ಮಕ್ಕಳಾಗಲಿಲ್ಲ. "ನನಗೊಬ್ಬಳು ಸವತಿ ಇದ್ದಾಳೆ, ಅರ್ಧ ಮೈಲಿ ಉದ್ದ" ಎಂದು ಅವಳು ನೆರೆಯವರ ಹತ್ತಿರ ನಗೆಯಾಡುತ್ತಿದ್ದಳು.

ಯಜಮಾನರು ತೀರಿಕೊಂಡು ಪಾರ್ಕು ಅವರ ಅಳಿಯನ ಕೈಗೆ ಬಂತು. ಅಷ್ಟರಲ್ಲಿ ಜನ ಕಡಿಮೆಯಾಗಿದ್ದರು. ಎಂಟು ಜನ ಬಡಗಿಗಳಿದ್ದ ಕಡೆ ಇಬ್ಬರು ಉಳಿದರು. ಹಳಿಗೆ ಕಿವಿಮೇಸ್ತ್ರಿ ಒಬ್ಬನೇ. "ನೀವಿರೋವಾಗ ನನಗೇನು ಚಿಂತೆ" ಎಂದು ಅಳಿಯ ಅವನ ಬೆನ್ನು ತಟ್ಟುತ್ತಿದ್ದ.

ಆದರೆ ಮೂವತ್ತೈದು ವರ್ಷ ಸುತ್ತಿಗೆ ಏಟು, ಬೋಗಿಗಳನ್ನು ಎಳೆಯುವ ಸರಪಳಿಯ ಕಟಕಟ, ಜನರ ಕಿರುಚಾಟ ಕೇಳಿದ ಕಿವಿ ಎಷ್ಟು ದಿನ ತಡೆದೀತು? ಮೊದಲು ಕುಕ್ಕರಿನ ಸೀಟಿ ಹೋಯಿತು. ಆಮೇಲೆ ಬಾಗಿಲು ಬಡಿಯುವ ಸದ್ದು. ಒಂದು ದಿನ ಹೆಂಡತಿ ಅವನ ಹಿಂದೆ ನಿಂತು ಬೇಕೆಂದೇ ತಟ್ಟೆ ಬೀಳಿಸಿದಳು. ಅವನು ಪೇಪರಿನಿಂದ ತಲೆ ಎತ್ತಲಿಲ್ಲ. ಅವಳು ಎದುರಿಗೆ ಬಂದು ಕೂತಳು.

"ರೀ, ನಿಮಗೆ ಕಿವಿ ಕೇಳ್ತಿಲ್ಲ."

"ಕೇಳುತ್ತೆ. ನೀನು ಬಾಯೊಳಗೇ ಮಾತಾಡ್ತೀಯ."

"ತಟ್ಟೆ ಕೂಡ ಬಾಯೊಳಗೇ ಬಿತ್ತಾ? ಯಜಮಾನ್ರ ಅಳಿಯನವರಿಗೆ ಹೇಳಿಬಿಡಿ. ಬೇರೆ ಕೆಲಸ ಕೊಡ್ತಾರೆ."

ಅವನು ಪೇಪರು ಮಡಚಿಟ್ಟ. "ಹೇಳಿದ್ರೆ ನಾಳೆಯಿಂದ ನನ್ನನ್ನ ಏನಂತ ಕರೀತಾರೆ?" ಎಂದ.

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅವನೂ ಹೇಳಲಿಲ್ಲ. ಒಂದು ವರ್ಷ ಹಾಗೇ ನಡೆಯಿತು. ಏಟು ಹಾಕುವಾಗ ಇನ್ನೊಂದು ಕೈಯನ್ನು ಬೋಲ್ಟಿನ ಪಕ್ಕ ಇಡುತ್ತಿದ್ದ. ಬೆರಳಿಗೆ ಅದರ ನಡುಕ ಸಿಗುತ್ತಿತ್ತು, ಇಲ್ಲವೇ ಸಿಗುತ್ತಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅನುಮಾನ ಬಂದದ್ದನ್ನೆಲ್ಲ ಪಾನಾ ಹಾಕಿ ಬಿಗಿಮಾಡುತ್ತಿದ್ದ. ಅನುಮಾನವೇ ಬಾರದ್ದನ್ನು ಏನು ಮಾಡುವುದು?

ಬೇಸಿಗೆ ರಜೆಯ ಒಂದು ಮಧ್ಯಾಹ್ನ ಎರಡನೇ ಇಳಿಜಾರಿನ ಬುಡದಲ್ಲಿ ಒಂದು ಬೋಲ್ಟು ಕಿತ್ತುಬಂದು ಕಬ್ಬಿಣದ ಪಟ್ಟಿ ಎದ್ದುಬಿಟ್ಟಿತು. ಚಕ್ರ ಅದಕ್ಕೆ ಸಿಕ್ಕಿ ರೈಲು ಗಕ್ಕನೆ ನಿಂತಿತು. ಅವನು ಕ್ಯಾಂಟೀನಿನ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ. ಎಲ್ಲರೂ ಎದ್ದು ಓಡುವುದು ಕಣ್ಣಿಗೆ ಬಿದ್ದಾಗಲೇ ಅವನಿಗೆ ಗೊತ್ತಾದದ್ದು. ಲೋಟ ಬಿಟ್ಟು ಅವನೂ ಓಡಿದ. ಹದಿನಾಲ್ಕು ಜನರಿಗೆ ತರಚು ಗಾಯ. ಮೂರನೇ ಬೋಗಿಯಲ್ಲಿ ತಂಗಿಯ ಮಕ್ಕಳೊಂದಿಗೆ ಕೂತಿದ್ದ ಹೆಂಗಸೊಬ್ಬಳ ಬಲಗೈ ಬೋಗಿಗೂ ಕಂಬಕ್ಕೂ ನಡುವೆ ಜಜ್ಜಿಹೋಯಿತು. ಆಕೆ ಬಟ್ಟೆ ಹೊಲಿದು ಬದುಕುವವಳು.

ತನಿಖೆಯವರು ಬಂದು ಮುರಿದ ಭಾಗವನ್ನು ಕೊಯ್ದುಕೊಂಡು ಹೋದರು. ಮರ ಹಳೆಯದಾಗಿತ್ತು, ಮಳೆಗಾಲದಲ್ಲಿ ನೀರು ಕುಡಿದಿತ್ತು, ಯಾರ ತಪ್ಪೂ ಇಲ್ಲ ಎಂದು ಬರೆದರು. ಕಿವಿಮೇಸ್ತ್ರಿ ಅಳಿಯನ ಕೋಣೆಗೆ ಹೋಗಿ ನಿಂತ.

"ಸಾರ್, ನನಗೆ ಕಿವಿ ಕೇಳಲ್ಲ. ಒಂದು ವರ್ಷ ಆಯ್ತು."

ಅಳಿಯ ಎದ್ದು ಬಾಗಿಲು ಮುಚ್ಚಿದ. ಅವನ ಭುಜ ಹಿಡಿದು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದ: "ಈ ಮಾತನ್ನ ನೀವು ಹೇಳಲಿಲ್ಲ. ನಾನು ಕೇಳಲಿಲ್ಲ. ಮನೆಗೆ ಹೋಗಿ."

ಮನೆಯಲ್ಲೂ ಅದೇ. "ಯಾರೂ ನಿಮ್ಮನ್ನ ಬೊಟ್ಟು ಮಾಡಿ ತೋರಿಸ್ತಿಲ್ಲವಲ್ಲ, ಬಿಟ್ಟುಬಿಡಿ" ಎಂದು ಹೆಂಡತಿ ಕೈಮುಗಿದಳು. ಒಬ್ಬರಾದರೂ ತನ್ನ ಕಪಾಳಕ್ಕೆ ಬಾರಿಸಿದ್ದರೆ ಆಗುತ್ತಿತ್ತು ಎಂದು ಅವನಿಗೆ ಎನಿಸುತ್ತಿತ್ತು.

ಒಂದು ಭಾನುವಾರ ಹೆಂಡತಿಗೆ ಹೇಳದೆ ಆ ಹೆಂಗಸಿನ ಮನೆ ಹುಡುಕಿಕೊಂಡು ಹೋದ. ಎರಡನೇ ಮಹಡಿಯಲ್ಲಿ ಒಂದೇ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರಕ್ಕೆ ಟವೆಲು ಹೊದಿಸಿತ್ತು. ಆಕೆ ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ.

"ತಾಯಿ, ಆ ಹಳಿ ನೋಡ್ತಿದ್ದವನು ನಾನು. ನನಗೆ ಕಿವಿ ಕೇಳ್ತಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ. ನಿಮ್ಮ ಕೈ ನನ್ನಿಂದ ಹೋಯ್ತು."

ಆಕೆ ಅವನನ್ನೇ ನೋಡಿದಳು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿ ಮಾತಾಡತೊಡಗಿದಳು. ಕೆನ್ನೆ ಅಲುಗುವುದು ಕಾಣುತ್ತಿತ್ತು, ತುಟಿ ಕಾಣುತ್ತಿರಲಿಲ್ಲ. ಬಹಳ ಹೊತ್ತು ಮಾತಾಡಿದಳು. ನಡುವೆ ಒಂದು ಸಲ ಎಡಗೈಯಿಂದ ಕಣ್ಣೊರೆಸಿಕೊಂಡಳು. ಶಾಪ ಹಾಕಿದಳೋ, ಕ್ಷಮಿಸಿದೆ ಎಂದಳೋ, ತನ್ನ ಪಾಡು ಹೇಳಿಕೊಂಡಳೋ, ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿ ಎಂದು ಯಾವ ಬಾಯಿಂದ ಕೇಳುವುದು? ಆಕೆ ಮಾತು ಮುಗಿಸಿ ತಿರುಗಿದಾಗ ಅವನು ತಲೆಯಾಡಿಸಿದ. ಹೌದು ಎಂದೋ ಆಗಲಿ ಎಂದೋ, ಅವನಿಗೇ ಗೊತ್ತಿರಲಿಲ್ಲ.

ಪಾರ್ಕು ಮತ್ತೆ ತೆರೆಯಲಿಲ್ಲ. ಜಾಗವನ್ನು ಗೋದಾಮು ಕಟ್ಟುವವರು ಕೊಂಡರು. ಕಬ್ಬಿಣದ ಕೋಸ್ಟರನ್ನು ಬಿಚ್ಚಿ ಇನ್ನೆಲ್ಲಿಗೋ ಸಾಗಿಸಿದರು. ಗಡಗಡ ರೈಲನ್ನು ಯಾರೂ ಕೇಳಲಿಲ್ಲ. ಯಂತ್ರ ತಂದು ಕೆಡವಿದರು. ಮರ ಸೌದೆಗೆ ಹೋಯಿತು. ಬಿಚ್ಚಿದ ಬೋಲ್ಟುಗಳನ್ನು ಗೇಟಿನ ಪಕ್ಕ ರಾಶಿ ಹಾಕಿದ್ದರು. ಅವನು ದಿನಾ ಹೋಗಿ ಆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡುತ್ತಿದ್ದ. ಅವತ್ತು ಕಿತ್ತುಬಂದ ಆ ಒಂದು ಬೋಲ್ಟನ್ನು ತನಿಖೆಯವರು ಆಗಲೇ ಒಯ್ದಿದ್ದರು, ಅದು ಅವನಿಗೂ ಗೊತ್ತಿತ್ತು. ಉಳಿದವೆಲ್ಲ ಒಂದೇ ರೀತಿ ತುಕ್ಕು ಹಿಡಿದಿದ್ದವು.

ನಾಲ್ಕನೇ ದಿನ ಹೆಂಡತಿ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. ಏನೋ ಹೇಳಿದಳು. ಏನೆಂದು ಅವನು ಕೇಳಲಿಲ್ಲ. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ಮರುದಿನ ಬೆಳಿಗ್ಗೆ ಗೇಟು ತೆಗೆಯುವ ಮೊದಲೇ ಅವನು ಮತ್ತೆ ಅಲ್ಲಿದ್ದ. ರಾಶಿಯನ್ನು ಲಾರಿ ಹೊತ್ತುಕೊಂಡು ಹೋಗಿತ್ತು.