ನಮ್ಮ ಪಾಲಿನ ತೂಕ ಎತ್ತಿದ ಜಯಕ್ಕ

ಜಯಕ್ಕನ ಎಣಿಕೆಯಲ್ಲಿ ಹದಿಮೂರಾದ ಮೇಲೆ ಹನ್ನೊಂದು ಬರುತ್ತಿತ್ತು. ಮಂಡಿ ಮಡಚಿ ಏಳುತ್ತಾ ಏಳುತ್ತಾ ಉಸಿರು ಕಟ್ಟಿ, ಇನ್ನೆರಡೇ ಎರಡು ಎಂದು ನಾವು ಹಲ್ಲು ಕಚ್ಚಿಕೊಂಡಿರುವಾಗ ಆಕೆ ಗಂಭೀರವಾಗಿ "ಹದಿಮೂರು... ಹನ್ನೊಂದು" ಎಂದುಬಿಡುತ್ತಿದ್ದರು. "ಜಯಕ್ಕ, ಇದೇನ್ರೀ ಅನ್ಯಾಯ!" ಎಂದು ಕಿರುಚಿದರೆ, "ಕೊನೇ ಎರಡು ಸೊಂಟದಿಂದ ಎದ್ರಿ, ಮಂಡಿಯಿಂದಲ್ಲ. ಅವು ಲೆಕ್ಕಕ್ಕಿಲ್ಲ. ನಡೀರಿ, ನಡೀರಿ" ಎನ್ನುತ್ತಿದ್ದರು. ನಾವು ಬೈದುಕೊಂಡೇ ಮತ್ತೆರಡು ಎತ್ತುತ್ತಿದ್ದೆವು.

ಶಂಕರಪುರಂನಲ್ಲಿ ಪೂಜಾ ಸಾಮಾನಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆ ಜಿಮ್ ಇತ್ತು. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರವರೆಗೆ ಹೆಂಗಸರ ಬ್ಯಾಚು, ಅದಕ್ಕೆ ಜಯಕ್ಕ ಟ್ರೈನರ್. ನಾನು ಬ್ಯಾಂಕಿನಿಂದ ವಿಆರ್‌ಎಸ್ ತೆಗೆದುಕೊಂಡು ಮನೆಯಲ್ಲಿ ಕೂತ ವರ್ಷವೇ ಬಲ ಮಂಡಿ ಹಿಡಿದುಕೊಂಡಿತ್ತು. ಮಣೆಯ ಮೇಲೆ ಕೂತರೆ ಏಳಿಸಲು ಇಬ್ಬರು ಬೇಕು. ಡಾಕ್ಟರು ವ್ಯಾಯಾಮ ಮಾಡಿ ಎಂದರು, ನಾನು ಹಾಗೆ ಹೋಗಿ ಜಯಕ್ಕನ ಕೈಗೆ ಸಿಕ್ಕಿಬಿದ್ದೆ.

ಆಗ ಅವರಿಗೆ ನಲವತ್ತೈದು ದಾಟಿತ್ತು. ಹರೆಯದಲ್ಲಿ ಕಬಡ್ಡಿ ಆಡಿದ ಮೈ. ಚೂಡಿದಾರದ ವೇಲನ್ನು ಅಡ್ಡಕ್ಕೆ ಬಿಗಿದು ಸೊಂಟದಲ್ಲಿ ಗಂಟು ಹಾಕಿ, ಬಿಳಿ ಕ್ಯಾನ್ವಾಸ್ ಶೂ ತೊಟ್ಟು, ಮುಡಿಗೆ ಮಲ್ಲಿಗೆ ಮುಡಿದು ನಿಲ್ಲುತ್ತಿದ್ದರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಚಾಮರಾಜಪೇಟೆಯ ವಠಾರವೊಂದರಲ್ಲಿ ಪಿಯುಸಿ ಓದುವ ಮಗಳ ಜೊತೆ ಇದ್ದರು, ಇದೇ ಸಂಬಳದಲ್ಲಿ. ನಾವು ಮೆಟ್ಟಿಲು ಹತ್ತಿ ಬರುವಾಗಲೇ ಮುಖ ನೋಡಿ, "ರಾತ್ರಿ ನಿದ್ದೆ ಇಲ್ಲ ಅಲ್ವಾ? ಇವತ್ತು ತೂಕ ಬೇಡ, ಕೈಕಾಲು ಆಡ್ಸಿ ಸಾಕು" ಎನ್ನುವರು. ನಾನು ಮೊದಲ ವಾರವೇ ಸೋತು, "ನನ್ನ ಕೈಲಾಗಲ್ಲ ಜಯಕ್ಕ, ಬಿಟ್ಬಿಡ್ತೀನಿ" ಎಂದಾಗ ನಕ್ಕಿದ್ದರು. "ಮೈ ಏನು ಬಾಡಿಗೆ ಮನೆನಾ ಮೇಡಂ, ಬೇಡ ಅಂತ ಖಾಲಿ ಮಾಡೋಕೆ?" ಆರು ತಿಂಗಳಲ್ಲಿ ನಾನು ಮಣೆಯಿಂದ ಯಾರ ಕೈಯನ್ನೂ ಹಿಡಿಯದೆ ಏಳುವ ಹಾಗಾದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವುದನ್ನು ಕೇಳಿ ನೀವು ನನ್ನನ್ನು ಎಷ್ಟು ಬೈಯಬೇಕು ಎಂಬ ಅಂದಾಜು ಸಿಗಲಿ ಎಂದು.

ಜಿಮ್ಮಿನ ಮಾಲೀಕ ನಂದೀಶ. ಅವರದು ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ ಇದ್ದ ಮನೆತನ. ಹುಡುಗ ಕೆಟ್ಟವನಲ್ಲ, ಆದರೆ ಹೊಸದು ಏನು ಕಂಡರೂ ತಲೆ ತಿರುಗುವ ಜಾತಿ. ಯಾವುದೋ ಪ್ರದರ್ಶನಕ್ಕೆ ಹೋಗಿ ಬಂದವನೇ ಒಂದು ಕಂಪ್ಯೂಟರ್ ತಂದು ಕೂರಿಸಿದ. ಪ್ರತಿ ಮೆಷಿನ್ನಿಗೂ ಒಂದೊಂದು ಡಬ್ಬಿ ತಗುಲಿಸಿದ. ನಮಗೆಲ್ಲ ಹೆಸರು ಬರೆದ ನೀಲಿ ಪ್ಲಾಸ್ಟಿಕ್ ಕೀ ಕೊಟ್ಟ. ಅದನ್ನು ಡಬ್ಬಿಗೆ ಸಿಕ್ಕಿಸಿ ತೂಕ ಎತ್ತಿದರೆ ಎಷ್ಟು ಕೆ.ಜಿ., ಎಷ್ಟು ಸಲ ಎಂಬುದೆಲ್ಲ ತಾನೇ ದಾಖಲಾಗಿ ಪಾಯಿಂಟು ಬೀಳುವುದು. ಬಾಗಿಲ ಬಳಿಯ ಟಿವಿಯಲ್ಲಿ ನಮ್ಮ ಹೆಸರುಗಳು ಮೇಲೆ ಕೆಳಗೆ ಓಡಾಡುವುವು. ಒಂದು ದಿನವೂ ತಪ್ಪಿಸದೆ ಮಾಡಿದವರಿಗೆ ಬೋನಸ್ಸು, ಒಂದು ದಿನ ತಪ್ಪಿದರೆ ಅಷ್ಟೂ ಬೋನಸ್ಸು ಸೊನ್ನೆ. ಮೂರು ತಿಂಗಳ ಕೊನೆಗೆ ಪಾಯಿಂಟಿನಲ್ಲಿ ಎಲ್ಲರಿಗಿಂತ ಮೇಲಿದ್ದವರಿಗೆ ಬೆಳ್ಳಿಯ ಕುಂಕುಮದ ಭರಣಿ. "ಎಲ್ಲಾ ನಿಮ್ಮನ್ನ ಮೋಟಿವೇಟ್ ಮಾಡೋಕೆ ಆಂಟಿ" ಎಂದ.

ಮೋಟಿವೇಟ್ ಆದೆವು ನೋಡಿ, ಕರ್ಮ! ಮೂವತ್ತು ವರ್ಷ ಬ್ಯಾಂಕಿನಲ್ಲಿ ಪ್ರಮೋಷನ್ನಿಗೂ ಹೊಡೆದಾಡದ ನಾನು ಮನೆಯಲ್ಲಿ ಒಲೆಯ ಮೇಲೆ ಸಾರಿಟ್ಟು ಪಾಯಿಂಟಿನ ಚಿಂತೆ ಮಾಡತೊಡಗಿದೆ. ಒಂದೇ ಮನೆಯ ವಾರಗಿತ್ತಿಯರು ಮಾತು ಬಿಟ್ಟರು. ಜಯಕ್ಕ "ಹದಿಮೂರು, ಹನ್ನೊಂದು" ಎಂದರೆ ಈಗ ಯಾರೂ ನಗುತ್ತಿರಲಿಲ್ಲ. "ಮೆಷಿನ್ ಹದಿಮೂರು ತೋರಿಸ್ತಿದೆ ಜಯಕ್ಕ, ನೀವು ಸುಮ್ನಿರಿ" ಎನ್ನುತ್ತಿದ್ದರು. ಬೇರೆಯವರೇಕೆ, ಆ ಮಾತನ್ನು ಮೊದಲು ಅಂದವಳು ನಾನೇ. ಸೊಂಟದಿಂದ ಎದ್ದರೂ ಮಂಡಿಯಿಂದ ಎದ್ದರೂ ಆ ಡಬ್ಬಿಗೆ ಒಂದೇ.

ಆಮೇಲೆ ಏಕಾದಶಿ ಬಂತು. ನಮ್ಮ ಬ್ಯಾಚಿನ ಅರ್ಧ ಜನ ಏಕಾದಶಿಗೆ ನೀರೂ ಮುಟ್ಟದ ಮನೆಯವರು, ಉಳಿದವರದು ಸೋಮವಾರದ ಉಪವಾಸ, ಸಂಕಷ್ಟಿ. ಮೊದಲೆಲ್ಲ ಉಪವಾಸದ ದಿನ ಯಾರೂ ಜಿಮ್ಮಿನ ಕಡೆ ತಲೆ ಹಾಕುತ್ತಿರಲಿಲ್ಲ. ಈಗ ಬೋನಸ್ಸು ಹೋಗುತ್ತದಲ್ಲ! ಪದ್ಮಿನಿ ಎಂಬಾಕೆ ಹಿಂದಿನ ರಾತ್ರಿಯಿಂದ ತೊಟ್ಟು ನೀರು ಕುಡಿಯದೆ ಬಂದು, ತೂಕ ಎತ್ತುತ್ತಾ ಕಣ್ಣು ಕತ್ತಲಿಟ್ಟು ಬಿದ್ದಳು. ಜಯಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಲೋಟ ಹಿಡಿದರೆ, "ನೀರು ಬೇಡ, ಏಕಾದಶಿ" ಎಂದು ತುಟಿ ಬಿಗಿದಳು. ಕಣ್ಣು ಬಿಟ್ಟ ಮೇಲೆ ಕೇಳಿದ ಮೊದಲ ಮಾತು: "ನನ್ನ ಪಾಯಿಂಟ್ ಬಿತ್ತಾ?"

ಜಯಕ್ಕನಿಗೆ ಸಿಟ್ಟು ನೆತ್ತಿಗೇರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸಂಜೆಯವರೆಗೂ ಕಾದು ನಂದೀಶನನ್ನು ಹಿಡಿದು, ಉಪವಾಸದ ದಿನ ರಜೆ ಎಂದು ಬರೆದುಕೊಳ್ಳಿ ಎಂದರಂತೆ. ಅವನು "ಸಾಫ್ಟ್‌ವೇರ್‌ನಲ್ಲಿ ಏಕಾದಶಿ ಎಲ್ಲಾ ಇಲ್ಲ ಅಕ್ಕ" ಎಂದನಂತೆ. ಮರುದಿನ ಅದನ್ನು ಹೇಳುವಾಗಲೂ ಅವರ ಮೂಗು ಅದುರುತ್ತಿತ್ತು. "ಅವನ ಸಾಫ್ಟ್‌ವೇರ್‌ಗೆ ಬೆಂಕಿ ಹಾಕ! ನಾಳೆ ಯಾರಾದ್ರೂ ಹೋಗ್ಬಿಟ್ರೆ ಪಾಯಿಂಟ್ ತಗೊಂಡು ಬರ್ತಾನಾ ಮನೆಗೆ?" ನಮಗೂ ಬೈದರು. "ಬರಬೇಡಿ ಅಂದ್ರೆ ಕೇಳಲ್ಲ ನೀವು. ನಿಮ್ಮ ಕಾಲಿಗೆ ಬೀಳ್ಲಾ?" ನಾವು ತಲೆ ತಗ್ಗಿಸಿ ನಿಂತೆವು. ಆದರೆ ಬರುವುದಿಲ್ಲ ಎಂದು ಒಬ್ಬರೂ ಹೇಳಲಿಲ್ಲ.

ಅದಕ್ಕೆ ಅವರು ಕಂಡುಕೊಂಡ ಉಪಾಯ ಇನ್ನಾರಿಗೂ ಹೊಳೆಯುವಂಥದ್ದಲ್ಲ. ಮುಂದಿನ ಏಕಾದಶಿಗೆ ಬಾಗಿಲಲ್ಲೇ ನಿಂತು, "ಉಪವಾಸದವರೆಲ್ಲ ಕೀ ಕೊಡಿ, ಬೆಂಚ್ ಮೇಲೆ ಕೂತ್ಕೊಳಿ" ಎಂದರು. ಏಳು ಕೀ. ಒಂದೊಂದನ್ನೇ ಸಿಕ್ಕಿಸಿ ಏಳು ಜನರ ವ್ಯಾಯಾಮವನ್ನೂ ತಾವೇ ಮಾಡಿದರು! ಬೆವರು ಕಿವಿಯಿಂದ ತೊಟ್ಟಿಕ್ಕುತ್ತಿತ್ತು, ನಾವು ಫ್ಯಾನಿನ ಕೆಳಗೆ ಕೂತು ನೋಡುತ್ತಿದ್ದೆವು. ಅದರಲ್ಲೂ ಎಂಥ ಕಟ್ಟುನಿಟ್ಟು ಅಂತೀರಿ! ನನ್ನ ಕೀ ಹಾಕಿದಾಗ ಹನ್ನೊಂದಕ್ಕೇ ನಿಲ್ಲಿಸಿದರು. ಇನ್ನೆರಡು ಎತ್ತಿ ಜಯಕ್ಕ, ನಿಮ್ಮ ಕೈಲಾಗತ್ತಲ್ಲ ಎಂದೆ, ನಾಚಿಕೆಗೆಟ್ಟವಳು. "ನಿಮ್ಮ ಮಂಡಿ ಹನ್ನೊಂದಕ್ಕೇ ನಿಲ್ಲೋದು ಮೇಡಂ. ನಾನೂ ಹನ್ನೊಂದಕ್ಕೇ ನಿಲ್ಲಿಸ್ಬೇಕು. ಮೋಸ ಮಾಡ್ಬಾರ್ದು" ಎಂದರು. ಮೂರು ತಿಂಗಳು ಮುಗಿಯುವವರೆಗೂ ಹೀಗೇ ನಡೆಯಿತು. ಕೊನೆಯ ವಾರದಲ್ಲಿ ಟಿವಿಯ ಮೇಲೆ ಮೊದಲ ಹೆಸರು ನನ್ನದಿತ್ತು.

ಭರಣಿ ಕೊಡುವ ಹಿಂದಿನ ದಿನ ನಂದೀಶ ನಮ್ಮ ಬ್ಯಾಚಿನ ಹೊತ್ತಿಗೇ ಬಂದ. ಕೈಯಲ್ಲಿ ಕಂಪ್ಯೂಟರಿನಿಂದ ತೆಗೆದ ಹಾಳೆಗಳು. ಏಕಾದಶಿ ದಿನಗಳಲ್ಲಿ ಏಳು ಜನ ಒಬ್ಬರ ಹಿಂದೆ ಒಬ್ಬರು, ಒಂದೇ ವೇಗದಲ್ಲಿ ತೂಕ ಎತ್ತಿದ್ದಾರೆ, ಇದು ಒಂದೇ ಕೈಯ ಕೆಲಸ ಎಂದ. ನಮ್ಮ ಕೀಗಳನ್ನೆಲ್ಲ ನಾವು ಮನೆಗೆ ಹೋಗುವಾಗ ಬಾಗಿಲ ಪಕ್ಕದ ಹಲಗೆಗೆ ನೇತುಹಾಕಿ ಹೋಗುತ್ತಿದ್ದೆವು. ಜಯಕ್ಕ ತಮ್ಮ ಬ್ಯಾಚನ್ನು ಮೇಲೆ ತೋರಿಸಿಕೊಳ್ಳಲು ನಮಗೆ ಗೊತ್ತಿಲ್ಲದ ಹಾಗೆ ಅವನ್ನು ತೆಗೆದು ಕಳ್ಳಲೆಕ್ಕ ಬರೆಸಿದ್ದಾರೆ ಎಂಬುದು ಅವನ ತೀರ್ಮಾನ.

"ಅವರನ್ನೇ ಕೇಳಿ ಸರ್" ಎಂದರು ಜಯಕ್ಕ. ಅಷ್ಟೇ ಅಂದದ್ದು.

ಅವನು ನಮ್ಮ ಕಡೆ ತಿರುಗಿದ. "ಯಾರಾದ್ರೂ ನೀವಾಗೇ ಕೀ ಕೊಟ್ಟಿದ್ರಾ ಆಂಟಿ? ಕೊಟ್ಟಿದ್ರೆ ಹೇಳ್ಬಿಡಿ, ಅವರ ಹೆಸರು ಲಿಸ್ಟಿಂದ ತೆಗೀತೀನಿ. ಕೊಟ್ಟಿಲ್ಲ ಅಂದ್ರೆ ನಿಮ್ದೇನೂ ತಪ್ಪಿಲ್ಲ, ಪಾಯಿಂಟ್ ಹಾಗೇ ಇರತ್ತೆ."

ಜಯಕ್ಕ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಪದ್ಮಿನಿ ಸೆರಗಿನ ದಾರ ಕೀಳುತ್ತಿದ್ದಳು. ನಾನು ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದೆ. ಬಗ್ಗಲು ಬರುವ ಹಾಗೆ ನನ್ನ ಮಂಡಿ ಸರಿಮಾಡಿದವರು ಎದುರಿಗೇ ನಿಂತಿದ್ದರು. ಥೂ ನನ್ನ ಜನ್ಮಕ್ಕೆ! ಏಳು ಜನರಲ್ಲಿ ಒಬ್ಬರ ಬಾಯಿಂದಲೂ ಒಂದು ಮಾತು ಬರಲಿಲ್ಲ. ಅವರು ವೇಲಿನ ಗಂಟು ಬಿಚ್ಚಿ, ಹೆಗಲ ಮೇಲೆ ನೇರ ಮಾಡಿಕೊಂಡು, ಬ್ಯಾಗು ತೆಗೆದುಕೊಂಡು ಇಳಿದು ಹೋದರು.

ಮರುದಿನ ಭರಣಿ ತೆಗೆದುಕೊಂಡೆ. ಫೋಟೋ ಬೇರೆ ಹೊಡೆಸಿಕೊಂಡೆ. ಆ ಬೆಳ್ಳಿ ಇವತ್ತಿಗೂ ಗಾಡ್ರೇಜ್ ಬೀರುವಿನಲ್ಲಿ ಕಪ್ಪಾಗಿ ಕೂತಿದೆ, ಒಂದು ದಿನವೂ ಅದಕ್ಕೆ ಕುಂಕುಮ ತುಂಬಲು ನನಗೆ ಮನಸ್ಸು ಬಂದಿಲ್ಲ. ನಂದೀಶನ ಮೇಲೆ ವರ್ಷಗಟ್ಟಲೆ ಕಿಡಿಕಾರಿದ್ದೇನೆ, ಆ ಕಂಪ್ಯೂಟರಿಗೆ ಶಾಪ ಹಾಕಿದ್ದೇನೆ. ಆದರೆ ನಿಜ ಹೇಳಬೇಕೆಂದರೆ ಕಂಪ್ಯೂಟರು ಸುಳ್ಳು ಹೇಳಿರಲಿಲ್ಲ. ಒಂದೇ ಕೈ ಎಂದಿತ್ತು, ಒಂದೇ ಕೈಯೇ. ಆ ಕೈ ಯಾಕೆ ಎತ್ತಿತು ಎಂದು ಹೇಳಬೇಕಾದವರು ನಾವು, ನಾವು ಬಾಯಿ ಮುಚ್ಚಿಕೊಂಡೆವು.

ಒಂದೂವರೆ ವರ್ಷದ ಮೇಲೆ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುವಾಗ ಹಿಂದಿನಿಂದ ಯಾರೋ "ಮೇಡಂ, ಮಂಡಿ ಹೇಗಿದೆ?" ಎಂದರು. ಜಯಕ್ಕ. ಸೊರಗಿದ್ದರು. ಕಳ್ಳಲೆಕ್ಕದ ಸುದ್ದಿ ಹಬ್ಬಿ ಬೇರೆ ಜಿಮ್ಮುಗಳಲ್ಲಿ ಯಾರೂ ಸೇರಿಸಿಕೊಳ್ಳಲಿಲ್ಲವಂತೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಅಂಗಿಗಳಿಗೆ ಗುಂಡಿ ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡುವ ಕೆಲಸ. ಮಗಳು ಡಿಗ್ರಿ ಸೇರದೆ ಯಾವುದೋ ಅಂಗಡಿಗೆ ಹೋಗುತ್ತಿದ್ದಾಳಂತೆ. ಎಲ್ಲವನ್ನೂ ಮಾಮೂಲಿ ಎಂಬಂತೆ ಹೇಳಿದರು. ಆ ತಣ್ಣನೆಯ ದನಿಯನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ಬೈರೀ ಜಯಕ್ಕ! ಬೈದಾದ್ರೂ ಬಿಡಿ ನನ್ನ!" ಎಂದು ಬೀದಿಯಲ್ಲೇ ಕೂಗಿದೆ.

"ಬೈಯೋದೇನಿದೆ ಮೇಡಂ" ಎಂದರು. "ಅವತ್ತು ಕೆಳಗೆ ಅಂಗಡಿ ಎದುರು ಅರ್ಧ ಗಂಟೆ ನಿಂತಿದ್ದೆ. ಅವನ ಮುಂದೆ ಹೇಳೋಕೆ ಸಂಕೋಚ ಇರತ್ತೆ, ಆಮೇಲೆ ಒಬ್ಬರಾದ್ರೂ ಇಳಿದು ಬರ್ತೀರಿ ಅಂದ್ಕೊಂಡಿದ್ದೆ. ನಾನು ನಿಂತಿರೋದು ನಿಮಗೆ ಗೊತ್ತಾಗ್ಲಿಲ್ಲ ಅನ್ಸತ್ತೆ. ಆಮೇಲೆ ಬಸ್ ಬಂತು."

ನಾನು ಕೊಂಡ ಹೂವನ್ನು ಚೀಲಕ್ಕೆ ಹಾಕಿಕೊಂಡೆ. ಅವರು ಕೈ ಬೀಸಿ ಜನರ ನಡುವೆ ಹೊರಟುಹೋದರು, ಮತ್ತೆ ಸಿಗಲಿಲ್ಲ.

ಅವತ್ತು ನನ್ನ ಸೈಕಲ್ ಮೆಷಿನ್ ಇದ್ದದ್ದು ಕಿಟಕಿಯ ಪಕ್ಕದಲ್ಲಿ. ಅವರು ನಿಂತಿದ್ದಷ್ಟು ಹೊತ್ತೂ ನಾನು ಅವರನ್ನೇ ನೋಡುತ್ತಾ ಪೆಡಲ್ ತುಳಿಯುತ್ತಿದ್ದೆ.