ಟಿವಿ ಸೌಂಡು ಏರಿಸದ ಪಟಾಲಮ್ಮ

ಕಾಮಾಕ್ಷಿಪಾಳ್ಯದ ನಂಜುಂಡಪ್ಪನವರ ವಠಾರದಲ್ಲಿ ಒಂದು ಮರ್ಯಾದೆ ಇದೆ. ಯಾವುದಾದರೂ ಮನೆಯಲ್ಲಿ ಗಂಡ ಹೆಂಡತಿಗೆ ಹೊಡೆಯಲು ಶುರು ಮಾಡಿದರೆ, ಉಳಿದವರು ಬಾಗಿಲು ಹಾಕಿಕೊಂಡು ಟಿವಿ ಸೌಂಡು ಏರಿಸುತ್ತಾರೆ. ಕೇಳಿಸಿಕೊಂಡರೆ ಆ ಮನೆಯವರಿಗೆ ಅವಮಾನವಂತೆ. ಮರುದಿನ ನಲ್ಲಿಯ ಹತ್ತಿರ ಊದಿದ ಕೆನ್ನೆ ಎದುರಾದಾಗ, ಕಾಣದವರ ಹಾಗೆ "ತಿಂಡಿ ಆಯ್ತಾ?" ಎಂದು ಕೇಳುವುದೂ ಅದೇ ಮರ್ಯಾದೆ. ಆ ಮನೆಯ ಮೂಲೆಯಲ್ಲಿ ಒಂದು ಮಗು ಕೂತಿರುತ್ತದೆ. ತಾನು ಕೂಗಿದಷ್ಟೂ ಲೋಕದ ಸದ್ದು ಜೋರಾಗುತ್ತದೆ ಎಂಬುದನ್ನು ಅದು ಕಲಿಯುತ್ತದೆ. ಶಾಲೆಯ ಪಾಠ ಮರೆತೀತು, ಇದನ್ನು ಮರೆಯುವುದಿಲ್ಲ.

ಪಟಾಲಮ್ಮ ಮರೆತಿರಲಿಲ್ಲ. ಅವರು ಬೆಳೆದದ್ದು ಇದೇ ವಠಾರದಲ್ಲಿ. ಆಗ ಟಿವಿ ಇರಲಿಲ್ಲ, ರೇಡಿಯೋ ಇತ್ತು. ಅಪ್ಪ ಬೆಲ್ಟು ಬಿಚ್ಚಿದ ಕೂಡಲೇ ಪಕ್ಕದ ಮನೆಯ ರೇಡಿಯೋ ಜೋರಾಗುತ್ತಿತ್ತು. ಅರವತ್ತು ದಾಟಿದ ಮೇಲೂ, ಎಲ್ಲಾದರೂ ಹಾಡು ಜೋರಾದರೆ ಅವರ ಕೈ ತಾನಾಗಿ ತಲೆಯ ಮೇಲೆ ಹೋಗುತ್ತಿತ್ತು. "ಯಾಕಜ್ಜಿ, ಮಳೆ ಬರ್ತಾ ಇದ್ಯಾ?" ಎಂದು ವಠಾರದ ಹುಡುಗರು ರೇಗಿಸುತ್ತಿದ್ದರು. ಪಟಾಲಮ್ಮನೂ ನಗುತ್ತಿದ್ದರು.

ಗಾರ್ಮೆಂಟ್ಸ್ ಬಿಟ್ಟ ಮೇಲೆ ಅವರು ಮನೆಯಲ್ಲೇ ಹೊಸ ಅಂಗಿಗಳ ಹೆಚ್ಚುವರಿ ದಾರ ಕತ್ತರಿಸುವ ಕೆಲಸ ಹಿಡಿದಿದ್ದರು. ಎದುರು ಮನೆಗೆ ಕಾಂತರಾಜು, ಅವನ ಹೆಂಡತಿ ಸುಮಾ, ಮಗಳು ಕವನಾ ಬಾಡಿಗೆಗೆ ಬಂದರು. ಬಂದ ವಾರವೇ ಹೊಡೆತ ಶುರುವಾಯಿತು, ಟಿವಿಗಳು ಏರಿದವು. ಪಟಾಲಮ್ಮ ತಮ್ಮ ಟಿವಿ ಆರಿಸಿದರು. ಬಾಗಿಲು ಪೂರ್ತಿ ತೆರೆದು, ಅಂಗಿಯ ಗಂಟು ಹೊಸಿಲಿಗೆ ಎಳೆದುಕೊಂಡು ಕೂತರು.

"ಕವನಾ, ಬಾರೇ ಇಲ್ಲಿ. ನನ್ ಕಣ್ಣಿಗೆ ದಾರ ಕಾಣ್ತಿಲ್ಲ."

ಹುಡುಗಿ ಓಡಿಬಂದು ಅವರ ತೊಡೆಗೆ ಅಂಟಿಕೊಂಡಳು.

"ಏನ್ ನೋಡ್ತಾ ಇದೀರಾ?" ಕಾಂತರಾಜು ಒಳಗಿಂದಲೇ ಗದರಿದ.

"ನಿನ್ನೇ ಕಣಪ್ಪ. ನಿಲ್ಸೋವರ್ಗೂ ನೋಡ್ತೀನಿ."

ಅವನು ಬಾಗಿಲನ್ನು ರಪ್ಪನೆ ಹಾಕಿಕೊಂಡ. ಆದರೆ ಅವತ್ತು ಸದ್ದು ಬೇಗ ನಿಂತಿತು.

ಹೀಗೇ ನಡೆಯಿತು. ಒಂದು ಸಂಜೆ ಪಕ್ಕದ ಮನೆಯ ಅಂಬುಜಾ, "ಒಬ್ರೇ ಯಾಕೆ ಕೂತ್ಕೋತೀರಾ ಅಕ್ಕ" ಎನ್ನುತ್ತ ಅವರೆಕಾಯಿ ತಂದು ಸುಲಿಯಲು ಕೂತಳು. ಆಮೇಲೆ ಇನ್ನೂ ಒಂದೆರಡು ಬಾಗಿಲು ತೆರೆದವು. ಮೊದಮೊದಲು ಬಾಯಿಯೇ ಬಿಡದ ಕವನಾ ಈಗ ಕೀಟಲೆ ಮಾಡುತ್ತಿದ್ದಳು.

"ಅಜ್ಜೀ, ನಿಂಗೆ ಕಣ್ಣು ಚೆನ್ನಾಗೇ ಕಾಣತ್ತೆ. ನಂಗೊತ್ತು."

"ಗೊತ್ತಿದ್ರೆ ಸುಮ್ನಿರೇ, ಬಾಯ್ಬಡುಕಿ."

ಪೊಲೀಸರಿಗೆ ಹೇಳೋಣ ಎಂದರೆ ಸುಮಾ ಕೈಮುಗಿಯುತ್ತಿದ್ದಳು. "ಬೇಡ ಅಕ್ಕ. ಸ್ಟೇಷನ್ನಿಂದ ವಾಪಸ್ ಬರ್ಬೇಕಾಗಿರೋದು ಇದೇ ಮನೆಗೆ ತಾನೇ?"

ಕೊನೆಗೊಂದು ದಿನ ಕಾಂತರಾಜು ಸುಮಾಳ ಕೈ ಮುರಿದ. ಬಾಗಿಲು ತೆರೆದವರೆಲ್ಲ ಅದನ್ನು ನೋಡಿದರು. ನೋಡಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಹಾಗಾದರೆ ಏನು ಮಾಡಬೇಕಿತ್ತು? ನಮ್ಮ ಜನಕ್ಕೆ ಗೊತ್ತಿರುವ ನ್ಯಾಯ ಒಂದೇ: ಮನೆ ಖಾಲಿ ಮಾಡಿಸುವುದು. ಅಂಬುಜಾಳೇ ಮುಂದಾಗಿ ನಿಂತು ವಠಾರದ ಮಾಲೀಕರಿಗೆ ಹೇಳಿದಳು. "ಮಕ್ಕಳಿರೋ ಜಾಗ ಸಾರ್, ಕಳಿಸ್ಬಿಡಿ ಅವರ್ನ."

"ಅವ್ನನ್ನ ಓಡ್ಸಿ. ಆ ಮಗೂನ ಯಾಕೆ ಓಡಿಸ್ತೀರಾ?" ಪಟಾಲಮ್ಮ ಅಂಗಲಾಚಿದರು.

"ಅಗ್ರಿಮೆಂಟ್ ಅವನ ಹೆಸರಲ್ಲಿದೆ ಪಟಾಲಮ್ಮ. ಹೋದ್ರೆ ಎಲ್ರೂ ಹೋಗ್ಬೇಕು," ಎಂದರು ನಂಜುಂಡಪ್ಪ.

ಲಗೇಜ್ ಆಟೋ ಬಂತು. ಪಾತ್ರೆಗಳ ನಡುವೆ ಕೂತಿದ್ದ ಕವನಾ ಕೇಳಿದಳು: "ಅಲ್ಲಿ ಯಾರ ಕಣ್ಣಿಗೆ ದಾರ ಕಾಣಲ್ಲ, ಅಜ್ಜಿ?"

ಪಟಾಲಮ್ಮ ಅವಳ ಕೆನ್ನೆ ಸವರುವಷ್ಟರಲ್ಲಿ ಆಟೋ ಹೊರಟಿತು.

ಹೊಡೆತ ನಿಲ್ಲಲಿಲ್ಲ, ವಿಳಾಸ ಬದಲಾಯಿತು ಅಷ್ಟೇ. ವಠಾರದವರು ಅದಕ್ಕೆ ನೆಮ್ಮದಿ ಎಂದು ಹೆಸರಿಟ್ಟರು. ನೀವು, ನಾವು ಇಡುವುದೂ ಅದೇ ಹೆಸರು.

ಪಟಾಲಮ್ಮ ಹೊಸ ವಿಳಾಸ ವಿಚಾರಿಸಿಕೊಂಡು ಕೆಂಗೇರಿ ಉಪನಗರಕ್ಕೆ ಬಸ್ಸು ಹತ್ತಿದರು. ಕವನಾ ಇದ್ದ ಮನೆ ಮೂರನೇ ಮಹಡಿಯಲ್ಲಿತ್ತು. ಮೊದಲು ಪಕ್ಕದ ಮನೆಯ ಬೆಲ್ ಒತ್ತಿದರು.

"ಗಲಾಟೆ ಆದಾಗ ಸುಮ್ನೆ ಬಾಗಿಲು ತೆಗೆದು ಕೂತ್ಕೊಳಮ್ಮ. ಅಷ್ಟೇ ಸಾಕು."

"ಆಂಟಿ, ಆ ಮನೇಲಿ ಬರೀ ಟಿವಿ ಗಲಾಟೆ. ಬೇರೆ ಏನೂ ಕೇಳ್ಸಲ್ಲ," ಎಂದು ಆಕೆ ಗ್ರಿಲ್ ಎಳೆದುಕೊಂಡಳು.

ಆಮೇಲೆ ಆ ಮನೆಯ ಬಾಗಿಲು ತಟ್ಟಿದರು. ಕವನಾ ಸ್ವಲ್ಪವೇ ತೆರೆದಳು. ಹಣೆಯ ಮೇಲೆ ಹೊಸ ಗಾಯ. ಪಟಾಲಮ್ಮ ಮುಟ್ಟಲು ಹೋದರೆ ಹಿಂದೆ ಸರಿದಳು.

"ಹೋಗಜ್ಜಿ, ಅಪ್ಪ ಬರೋ ಹೊತ್ತಾಯ್ತು. ಟಿವಿ ಜೋರಾಗಿ ಇಡ್ಬೇಕು."

"ಯಾಕೆ ಚಿನ್ನ?"

"ಅಮ್ಮ ಅಳೋದು ಕೇಳಿಸ್ಬಿಟ್ರೆ ಇವ್ರೂ ನಮ್ಮನ್ನ ಕಳಿಸ್ಬಿಡ್ತಾರೆ."

ಬಾಗಿಲು ಮುಚ್ಚಿತು. ಒಳಗೆ ಟಿವಿ ಸೌಂಡು ಏರಿತು, ಇನ್ನೂ ಏರಿತು. ಪಟಾಲಮ್ಮ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಆ ಮೆಟ್ಟಿಲ ಮೇಲೇ ಕೂತುಬಿಟ್ಟರು.