ಕಥೆ ಗೊತ್ತಾದರೆ ದಿಂಬು ಕೆಟ್ಟದ್ದು

ನಮ್ಮ ಯಜಮಾನರು ದಿಂಬು ಮಾಡುತ್ತಿದ್ದರು. ಕಾರ್ಡಿನಲ್ಲಿ ಮಾತ್ರ "ಉದ್ಯಮಿ" ಎಂದು ಅಚ್ಚು ಹಾಕಿಸಿಕೊಂಡಿದ್ದರು. ಉದ್ಯಮವೆಂದರೆ ಒಂದು ಕೋಣೆ, ಹತ್ತಿ ಹಿಂಜುವ ಯಂತ್ರ, ಹೊಲಿಗೆ ಮೆಷಿನ್, ಟಿ.ವಿ., ಒಂದು ಮಂಚ. ಹತ್ತಿ ಹಿಂಜಿ ತುಂಬುವುದು ಅವರು. ಗವಸು ಹೊಲಿಯುವುದು, ಕಸ ಗುಡಿಸುವುದು, ಬಂದವರಿಗೆ ಉತ್ತರ ಹೇಳುವುದು ನಾನು. ಮಂಚದ ಮೇಲೆ ಮಲಗುವುದು ಮತ್ತೆ ಅವರೇ.

ಅದು ಸೋಮಾರಿತನವಲ್ಲ, ಪರೀಕ್ಷೆ ಎನ್ನುತ್ತಿದ್ದರು. ಒಂದು ಸಲ ಹಿಂಜಿದ ಹತ್ತಿಗೆ ಹತ್ತು ದಿಂಬು. ಆ ಹತ್ತರಲ್ಲಿ ಒಂದನ್ನು ಎಳೆದುಕೊಂಡು, ಮಧ್ಯಾಹ್ನ ಎರಡಕ್ಕೆ ಧಾರಾವಾಹಿ ಹಾಕಿ, ಸದ್ದು ಜೋರು ಮಾಡಿ ಮಲಗುವರು. ನಿದ್ದೆ ಬಂದರೆ ಹತ್ತೂ ದಿಂಬಿಗೆ ಸೀಮೆಸುಣ್ಣದ ಗೆರೆ. ಕಥೆ ಪೂರ್ತಿ ಕೇಳಿಸಿದರೆ ಹತ್ತನ್ನೂ ಬಿಚ್ಚಿ ಮತ್ತೆ ಹಿಂಜಬೇಕು. ಹನ್ನೊಂದು ವರ್ಷ ಒಂದೇ ಧಾರಾವಾಹಿ ಹಾಕಿದರು. ಅದರ ನಾಯಕಿಗೆ ಮದುವೆಯಾಗಿದೆ ಎನ್ನುವುದೂ ಅವರಿಗೆ ಗೊತ್ತಿರಲಿಲ್ಲ. ಅದೇ ಅವರ ಹೆಮ್ಮೆ.

ಪಕ್ಕದ ಅಂಗಡಿಯ ಕ್ಷೌರಿಕರು ಬಾಗಿಲಲ್ಲಿ ಇಣುಕಿ, "ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ ಅಂತಾರಲ್ಲ, ಅದು ನೀವೇ ಸ್ವಾಮಿ" ಎಂದು ಚುಚ್ಚುವರು.

"ಸಂತೇಲಿ ನಾನು ನಿದ್ದೆ ಮಾಡಲ್ಲ ಮಾರಾಯ, ಸಂತೇಲಿ ನಿದ್ದೇನೇ ಮಾರ್ತೀನಿ" ಎನ್ನುವರು ಇವರು.

ಆಮೇಲೆ ನನ್ನ ಕಡೆ ತಿರುಗಿ ಪಾಠ. "ನಗಬೇಕು ಅಂದ್ರೆ ಸಿನಿಮಾ ಇದೆ, ಅಳಬೇಕು ಅಂದ್ರೆ ಧಾರಾವಾಹಿ ಇದೆ. ಎರಡಕ್ಕೂ ಜನ ಕಾಸು ಕೊಡ್ತಾರೆ. ಬಿಟ್ಟಿ ಸಿಗೋ ನಿದ್ದೇನ ಮಾತ್ರ ಕಳ್ಕೊಂಡು ಕೂತಿದ್ದಾರೆ. ಎಲ್ಲಿ ಕೊರತೆಯೋ ಅಲ್ಲೇ ವ್ಯಾಪಾರ. ಇದೇ ಕಣೇ ಅರ್ಥಶಾಸ್ತ್ರ."

ನಾನು ಓದಿದ್ದು ನಾಲ್ಕನೇ ಕ್ಲಾಸು. ಹತ್ತಿ ಮೂಗಿಗೆ ಹೋದರೆ ಸೀನು ಬರುತ್ತದೆ, ಅಷ್ಟು ಗೊತ್ತು.

"ಸುಖ ಅಂದ್ರೆ ಏನು ಹೇಳು ನೋಡೋಣ?" ಎಂದು ಒಮ್ಮೆ ಕೇಳಿದರು. ಉತ್ತರವನ್ನೂ ಅವರೇ ಹೇಳಿದರು. "ಪಕ್ಕದಲ್ಲಿ ಒಬ್ಬರು ಗೋಳೋ ಅಂತ ಅಳ್ತಿದ್ರೂ ನಮಗೆ ನಿದ್ದೆ ಬರಬೇಕು. ಅದು ಸುಖ."

"ಅದಕ್ಕೆ ಸುಖ ಅನ್ನಲ್ಲ, ಗಂಡ ಅಂತಾರೆ" ಎಂದೆ. ಒಂದು ವಾರ ಅದನ್ನೇ ಊರಿಗೆಲ್ಲ ಹೇಳಿಕೊಂಡು ನಕ್ಕರು.

ಹೋದ ವರ್ಷ ಒಂದು ಲಾಡ್ಜಿನವರು ನಲವತ್ತು ದಿಂಬು ಕೇಳಿದರು. ಮೂವತ್ತಕ್ಕೆ ಗೆರೆ ಬಿತ್ತು. ಕೊನೆಯ ಹತ್ತರಲ್ಲಿ ಒಂದನ್ನು ತಲೆಗಿಟ್ಟು ಮಲಗಿದರು. ಧಾರಾವಾಹಿ ಮುಗಿಯಿತು. ಏಳಲಿಲ್ಲ. ದಿಂಬು ಬಹಳ ಚೆನ್ನಾಗಿ ಬಂದಿದೆ ಅಂದುಕೊಂಡೆ. ಇನ್ನೂ ಎರಡು ಗವಸು ಹೊಲಿದೆ. ಆಮೇಲೆ ಮುಟ್ಟಿ ನೋಡಿದೆ.

ಹದಿನೈದು ದಿನ ಕಳೆದ ಮೇಲೆ ಮೈದುನ ಬಂದ. ಕೋಣೆ ಅಣ್ಣತಮ್ಮಂದಿರಿಬ್ಬರದೂ. "ಅತ್ತಿಗೆ, ಬೀಗದ ಕೈ ಕೊಡಿ. ಮೊಬೈಲ್ ಅಂಗಡಿಯವನು ಬಾಡಿಗೆಗೆ ಕೇಳ್ತಿದ್ದಾನೆ."

"ಲಾಡ್ಜಿನ ದಿಂಬು ಬಾಕಿ ಇದೆ."

"ಶುಕ್ರವಾರದವರೆಗೆ ನೋಡ್ತೀನಿ. ಆಮೇಲೆ ಕೇಳಬೇಡಿ."

ಯಜಮಾನರು ತಲೆಗಿಟ್ಟಿದ್ದ ದಿಂಬನ್ನು ತೆಗೆದಿಟ್ಟೆ. ಉಳಿದ ಒಂಬತ್ತರಲ್ಲಿ ಒಂದನ್ನು ತಲೆಗಿಟ್ಟು ನಾನೇ ಮಲಗಿದೆ. ಕಥೆ ಪೂರ್ತಿ ಕೇಳಿಸಿತು. ಬಿಚ್ಚಿದೆ, ಹಿಂಜಿದೆ, ತುಂಬಿದೆ. ಮರುದಿನ ಮತ್ತೆ ಪೂರ್ತಿ ಕೇಳಿಸಿತು. ನಾಲ್ಕು ದಿನ ಹೀಗೇ ಆಯಿತು. ಹತ್ತಿ ಬೆಣ್ಣೆಯಂತಾಗಿತ್ತು. ಅವರು ಹೋದ ಮೇಲೆ ನಾನು ನಿದ್ದೆ ಮಾಡಿರಲಿಲ್ಲ. ಆದರೂ ತಪ್ಪು ಹತ್ತಿಯದೇ ಎಂದು ಹಿಂಜಿದೆ. ಗೆರೆ ಇಲ್ಲದ ದಿಂಬು ಕೊಡುವ ಹಾಗಿಲ್ಲ.

ಶುಕ್ರವಾರ ಒಂದೂ ಮುಕ್ಕಾಲಿಗೆ ಮೈದುನ ಬಂದು ಕೈ ಚಾಚಿದ. ನಾನು ಮಂಚ ತೋರಿಸಿದೆ.

"ಮಲಗು. ಇವತ್ತಿನ ಕಥೆ ಪೂರ್ತಿ ಹೇಳಿದ್ರೆ ಬೀಗದ ಕೈ ನಿನ್ನದು. ನಿದ್ದೆ ಬಂದ್ರೆ ಅಂಗಡಿ ನನ್ನದು, ಇನ್ನು ಬಾಯಿ ತೆಗೀಬಾರದು."

"ಇಷ್ಟೇನಾ! ನಾನು ಹಗಲು ಹೊತ್ತು ಕಣ್ಣು ಮುಚ್ಚಿದವನೇ ಅಲ್ಲ ಅತ್ತಿಗೆ" ಎಂದು ಚಪ್ಪಲಿ ಬಿಟ್ಟ. ಎಚ್ಚರ ಇರಲಿ ಎಂದು ಬೆರಳಲ್ಲಿ ರೆಪ್ಪೆ ಎತ್ತಿ ಹಿಡಿದುಕೊಂಡ. ಮೊದಲ ಜಾಹೀರಾತು ಬರುವುದರೊಳಗೆ ಬೆರಳು ಜಾರಿತು. ಗೊರಕೆ ಕೇಳಿ ಕ್ಷೌರಿಕರು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಓಡಿ ಬಂದರು.

ಧಾರಾವಾಹಿ ಮುಗಿದ ಮೇಲೆ ತಟ್ಟಿ ಎಬ್ಬಿಸಿದೆ. "ಏನಾಯ್ತಪ್ಪ ಕಥೆ?"

ಅವನು ಜೊಲ್ಲು ಒರೆಸಿಕೊಂಡ. "ಅದೇ... ಅವಳು ಅತ್ತಳು."

"ಅವಳು ದಿನಾ ಅಳ್ತಾಳೆ. ಇವತ್ತು ಯಾಕೆ ಅತ್ತಳು?"

"ಗಂಡ ಬೈದ."

"ಅವಳ ಗಂಡ ಸತ್ತು ಮೂರು ವರ್ಷ ಆಯ್ತು."

ಕ್ಷೌರಿಕರು ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಮೈದುನ ಬೀಗದ ಕೈ ಕೇಳಲಿಲ್ಲ. ದಿಂಬನ್ನು ಅದುಮಿ ನೋಡಿದ. "ನನಗೂ ಒಂದು ಮಾಡಿಕೊಡಿ ಅತ್ತಿಗೆ" ಎಂದ.

ಒಂಬತ್ತಕ್ಕೂ ಗೆರೆ ಎಳೆದೆ. ಸಂಜೆ ಲಾಡ್ಜಿನ ಮ್ಯಾನೇಜರ್ ಎಣಿಸಿ, "ಒಂದು ಕಮ್ಮಿ ಇದೆಯಲ್ಲಮ್ಮ" ಎಂದರು.

"ಒಬ್ಬರು ಎಚ್ಚರ ಇರಲಿ. ಲಾಡ್ಜಿಗೆ ಕಾವಲು ಬೇಡವಾ?" ಎಂದೆ.

ಈಗ ಮೈದುನ ದಿನವೂ ಎರಡು ಗಂಟೆಗೆ ಬರುತ್ತಾನೆ, ಪರೀಕ್ಷೆಗೆ. ಅವನು ಮಂಚದ ಮೇಲೆ, ನಾನು ಮೆಷಿನ್ ಮುಂದೆ. ಮೊನ್ನೆ ಹೊಲಿಯುವ ಬಟ್ಟೆ ಮುಗಿದಿತ್ತು. ತೆಗೆದಿಟ್ಟ ದಿಂಬನ್ನು ನೆಲಕ್ಕೆ ಹಾಕಿ, ಸುಮ್ಮನೆ ಬೆನ್ನು ನೆಟ್ಟಗಾಗಲಿ ಎಂದು ಒರಗಿದೆ.

ಕ್ಷೌರಿಕರು ಬಾಗಿಲು ಬಡಿದಾಗ ನಾಲ್ಕೂವರೆ. "ಏನಮ್ಮ, ಇವತ್ತು ಕಥೆ ಏನಾಯ್ತು?" ಎಂದರು.

ನಾನು ಮೈದುನನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ.

ಎದ್ದು ಸೀಮೆಸುಣ್ಣ ಹುಡುಕಿ, ಯಜಮಾನರ ದಿಂಬಿಗೆ ಗೆರೆ ಎಳೆದೆ.